ಸಿಮ್ ಹಾಕಿದರೂ ಸಿಗ್ನಲ್ ಇಲ್ಲವೇ? ಅಗ್ಗದ ಫೋನಿನ ಲಾಕ್ ಪತ್ತೆ ಹಚ್ಚುವ ಬಗೆ

ಕಡಿಮೆ ದುಡ್ಡಿಗೆ ಒಳ್ಳೆಯ ಫೋನ್ ಸಿಕ್ಕಿತು. ಕ್ಯಾಮೆರಾ ಚೆನ್ನಾಗಿದೆ, ವೈಫೈ ಓಡುತ್ತದೆ, ಪರದೆಯ ಮೇಲೆ ಒಂದು ಗೀರೂ ಇಲ್ಲ. ಆದರೆ ನಿಮ್ಮ ಸಿಮ್ ಹಾಕಿದರೆ ಮಾತ್ರ ಕೆಲಸ ಮಾಡುತ್ತಿಲ್ಲ. ಯಾರನ್ನು ಕೇಳಿದರೂ "ಲಾಕ್ ಆಗಿದೆ ಬಿಡಿ" ಅನ್ನುತ್ತಾರೆ. ಯಾವ ಲಾಕ್ ಅಂತ ಮಾತ್ರ ಹೇಳುವುದಿಲ್ಲ.

ತೊಂದರೆ ಇರುವುದೇ ಅಲ್ಲಿ. ಸಿಮ್ಮಿನ ಪಿನ್ ಬೇರೆ, ಕ್ಯಾರಿಯರ್ ಲಾಕ್ (ಮೊಬೈಲ್ ಸೇವೆ ಕೊಡುವ ಕಂಪನಿ ಹಾಕಿದ್ದು) ಬೇರೆ, ಕದ್ದ ಫೋನುಗಳ ಕಪ್ಪುಪಟ್ಟಿ ಬೇರೆ, ಹಳೆಯ ಮಾಲೀಕರ ಖಾತೆಯ ಲಾಕ್ ಬೇರೆ, ಕಂತು ಕಟ್ಟದವರ ಫೋನಿಗೆ ಬೀಳುವ ಲಾಕ್ ಬೇರೆ. ಒಂದೊಂದನ್ನು ತೆಗೆಯುವ ಅಧಿಕಾರ ಒಬ್ಬೊಬ್ಬರ ಕೈಯಲ್ಲಿದೆ. ಅದು ಯಾರ ಕೈಯಲ್ಲಿದೆ ಎಂದು ತಿಳಿಯದೆ ಯಾರಿಗೂ ಒಂದು ಪೈಸೆ ಕೊಡಬೇಡಿ. ಈ ಕೈಪಿಡಿಯ ಉದ್ದೇಶವೂ ಅಷ್ಟೇ. ಪರದೆಯ ಮೇಲೆ ಏನು ಕಾಣುತ್ತದೋ ಅದರಿಂದ ಶುರು ಮಾಡಿ, ಯಾರ ಬಾಗಿಲು ತಟ್ಟಬೇಕು ಎನ್ನುವ ತನಕ ಹೋಗುವುದು.

ಮೊದಲು ಎರಡು ಸಿಮ್ ಹೊಂದಿಸಿಕೊಳ್ಳಿ

ಖರ್ಚಿಲ್ಲದ ಪರೀಕ್ಷೆ ಇದು. ಬಹಳ ಗೊಂದಲ ಇಲ್ಲೇ ಮುಗಿಯುತ್ತದೆ. ಒಂದು ಸಿಮ್, ಆ ಫೋನನ್ನು ಮೊದಲು ಮಾರಿದ ಕಂಪನಿಯದು. ಇನ್ನೊಂದು, ಬೇರೆ ಕಂಪನಿಯದು. ಎರಡೂ ಬೇರೆ ಫೋನಿನಲ್ಲಿ ಸರಿಯಾಗಿ ಓಡುತ್ತಿರಬೇಕು. ಗೆಳೆಯರ ಹತ್ತಿರ ಹತ್ತು ನಿಮಿಷಕ್ಕೆ ಕೇಳಿ ಪಡೆದರೂ ಸಾಕು.

ಮೊದಲ ಕಂಪನಿಯ ಸಿಮ್ ಓಡುತ್ತದೆ, ಬೇರೆಯದು ಓಡುವುದಿಲ್ಲ ಅಂದರೆ ಕ್ಯಾರಿಯರ್ ಲಾಕ್ ಇರುವ ಸಾಧ್ಯತೆಯೇ ಜಾಸ್ತಿ. ಯಾವ ಸಿಮ್ಮೂ ಓಡುವುದಿಲ್ಲ ಅಂದರೆ ಕಪ್ಪುಪಟ್ಟಿ ಅಥವಾ ಒಳಗಿನ ಕೆಡುಕು. ಬೇರೆ ಕಂಪನಿಗಳಲ್ಲಿ ಕೆಲವು ಓಡುತ್ತವೆ, ಕೆಲವು ಓಡುವುದಿಲ್ಲ ಅಂದರೆ ಅದು ಸಾಮಾನ್ಯವಾಗಿ ಲಾಕ್ ಅಲ್ಲ. ಬ್ಯಾಂಡ್ (ನೆಟ್‌ವರ್ಕ್ ಬಳಸುವ ರೇಡಿಯೋ ತರಂಗಗಳ ಶ್ರೇಣಿ) ಅಥವಾ ವೋಲ್ಟೆ (4ಜಿ ಮೇಲೆಯೇ ಮಾತಾಡುವ ವ್ಯವಸ್ಥೆ) ಹೊಂದಾಣಿಕೆಯ ಸಮಸ್ಯೆ.

ಜೊತೆಗೆ *#06# ಒತ್ತಿ. ಕರೆ ಗುಂಡಿ ಮುಟ್ಟುವ ಮೊದಲೇ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಕಾಣುತ್ತದೆ. ಹದಿನೈದು ಅಂಕಿ. ಎರಡು ಸಿಮ್ ಹಾಕುವ ಫೋನಿನಲ್ಲಿ ಎರಡು ಐಎಂಇಐ ಇರುತ್ತವೆ. ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹೆಜ್ಜೆಗೂ ಬೇಕು. ಮೊದಲ ಎಂಟು ಅಂಕಿ ಯಾವ ತಯಾರಕರ ಯಾವ ಮಾದರಿ ಎಂದು ಹೇಳುತ್ತವೆ. ಕೊನೆಯ ಅಂಕಿಯನ್ನು ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಹಾಗಾಗಿ ಯಾರಾದರೂ ಸುಮ್ನೆ ಬಾಯಿಗೆ ಬಂದ ಸಂಖ್ಯೆ ಕೊಟ್ಟರೆ ಐಎಂಇಐ ನೋಡುವ ತಾಣಗಳು ಸಾಮಾನ್ಯವಾಗಿ ತಕ್ಷಣ ತಪ್ಪೆಂದು ಹೇಳುತ್ತವೆ.

"ಸಿಮ್ ಇಲ್ಲ" ಎಂದು ತೋರಿಸುತ್ತಿದೆ

ಇದು ಲಾಕ್ ಅಲ್ಲ. ಕ್ಯಾರಿಯರ್ ಲಾಕ್ ಕೆಲಸ ಮಾಡಬೇಕಾದರೆ ಫೋನು ಮೊದಲು ಸಿಮ್ಮನ್ನು ಓದಬೇಕು. ಇಲ್ಲಿ ಓದೇ ಇಲ್ಲ. ಫೋನ್ ಆಫ್ ಮಾಡಿ. ಟ್ರೇ ತೆಗೆದು ಸಿಮ್ ಸರಿಯಾಗಿ ಕೂತಿದೆಯೇ ನೋಡಿ. ಚಿನ್ನದ ಬಣ್ಣದ ಭಾಗವನ್ನು ಒಣ, ಮೆತ್ತನೆ ಬಟ್ಟೆಯಿಂದ ಒರೆಸಿ. ಇನ್ನೊಂದು ಸ್ಲಾಟ್ ಇದ್ದರೆ ಅದರಲ್ಲಿ ಹಾಕಿ ನೋಡಿ. ಕತ್ತರಿಯಿಂದ ಕತ್ತರಿಸಿ ಚಿಕ್ಕದು ಮಾಡಿದ ಹಳೆಯ ಸಿಮ್ ಆಗಿದ್ದರೆ ಹೊಸದು ಪಡೆಯಿರಿ, ಅದು ಅರ್ಧ ಮಿಲಿಮೀಟರ್ ಸರಿದರೂ ಸಾಕು, ಫೋನಿಗೆ ಕಾಣುವುದಿಲ್ಲ.

ಟ್ರೇ ತೆಗೆಯುವ ಪಿನ್ನನ್ನು ಟ್ರೇಯ ತೂತಿಗೇ ಹಾಕಿ. ಪಕ್ಕದಲ್ಲಿ ಮೈಕಿನ ತೂತು ಇರುತ್ತದೆ, ಅದಕ್ಕೆ ಚುಚ್ಚಿ ಮೈಕ್ ಹಾಳು ಮಾಡಿಕೊಂಡವರು ಕಡಿಮೆ ಏನಲ್ಲ.

ಕೆಲವು ಫೋನುಗಳಲ್ಲಿ ಟ್ರೇಯೇ ಇರುವುದಿಲ್ಲ. 2022ರಲ್ಲಿ ಬಂದ ಐಫೋನ್ 14ರಿಂದ ಮುಂದೆ ಅಮೆರಿಕದಲ್ಲಿ ಮಾರಿದ ಐಫೋನುಗಳಿಗೆ ಇಸಿಮ್ (ಫೋನಿನೊಳಗೇ ಇರುವ, ಕಾರ್ಡ್ ಇಲ್ಲದ ಸಿಮ್) ಮಾತ್ರ. ನಿಮ್ಮ ಕಂಪನಿ ಇಸಿಮ್ ಕೊಡುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಲಾಕ್ ಆದ ಫೋನಿನಲ್ಲಿ ಬೇರೆ ಕಂಪನಿಯ ಇಸಿಮ್ಮೂ ನಡೆಯುವುದಿಲ್ಲ, ಪ್ಲಾಸ್ಟಿಕ್ ಸಿಮ್ಮಿಗೆ ಇರುವ ನಿಯಮವೇ ಅದಕ್ಕೂ.

ಪಿನ್ ಅಥವಾ ಪಿಯುಕೆ ಕೇಳುತ್ತಿದೆ

ಇದು ಫೋನಿನ ಲಾಕ್ ಅಲ್ಲ, ಸಿಮ್ಮಿನದು. ಸಿಮ್ಮಿನ ಮಾಲೀಕರೇ ಹಾಕಿಕೊಂಡ ಪಿನ್. ಮೂರು ಸಲ ತಪ್ಪಾದರೆ ಪಿಯುಕೆ ಕೇಳುತ್ತದೆ. ಅದು ಎಂಟು ಅಂಕಿಯದು, ಸಿಮ್ ಕೊಟ್ಟ ಕಂಪನಿಯ ಹತ್ತಿರ ಇರುತ್ತದೆ. ಪಿಯುಕೆಯನ್ನು ಹತ್ತು ಸಲ ತಪ್ಪಾಗಿ ಒತ್ತಿದರೆ ಸಿಮ್ ಸತ್ತೇ ಹೋಗುತ್ತದೆ. ಊಹೆ ಮಾಡಬೇಡಿ. ನಿಮ್ಮ ಸಿಮ್ ಕಂಪನಿಗೆ ಕರೆ ಮಾಡಿ, ಗುರುತು ತೋರಿಸಿ, ಪಿಯುಕೆ ಪಡೆಯಿರಿ. ಫೋನ್ ಮಾರಿದವರಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

"ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್" ಕೇಳುತ್ತಿದೆ, ಅಥವಾ "ಸಿಮ್ ನಾಟ್ ಸಪೋರ್ಟೆಡ್" ಎನ್ನುತ್ತಿದೆ

ನಿಜವಾದ ಕ್ಯಾರಿಯರ್ ಲಾಕ್ ಇದು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯ ಸಂದೇಶ, ಐಫೋನಿನಲ್ಲಿ ಎರಡನೆಯದು. ಕೆಲವು ಐಫೋನುಗಳಲ್ಲಿ "ಸಿಮ್ ನಾಟ್ ವ್ಯಾಲಿಡ್" ಎಂದೂ ಬರುತ್ತದೆ.

ಒಳಗೆ ನಡೆಯುವುದು ಇಷ್ಟು. ಪ್ರತಿ ಸಿಮ್ಮಿನಲ್ಲಿ ಒಂದು ಚಂದಾದಾರ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು, ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿಯದು. ಲಾಕ್ ಆದ ಫೋನು ಆ ಅಂಕಿಗಳನ್ನು ತನಗೆ ಒಪ್ಪಿಗೆಯಾದ ಪಟ್ಟಿಯ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ನೆಟ್‌ವರ್ಕಿಗೆ ಹೋಗುವುದೇ ಇಲ್ಲ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಈ ಮಾಹಿತಿ ಮೋಡೆಮಿನ (ಫೋನನ್ನು ನೆಟ್‌ವರ್ಕಿಗೆ ಜೋಡಿಸುವ ಚಿಪ್) ಭಾಗದಲ್ಲಿ ಕೂತಿರುತ್ತದೆ. ಐಫೋನಿಗೆ ಇದು ಆಪಲ್‌ನ ಆಕ್ಟಿವೇಶನ್ ಸರ್ವರಿನಿಂದ ಬರುತ್ತದೆ. ಹಾಗಾಗಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಲಾಕ್ ಹೋಗುವುದಿಲ್ಲ. ಸಾಫ್ಟ್‌ವೇರ್ ಮತ್ತೆ ಹಾಕಿದರೂ ಹೋಗುವುದಿಲ್ಲ. ಅನ್‌ಲಾಕ್ ಆಗುತ್ತದೆ ಎಂದು ನಂಬಿ ರೀಸೆಟ್ ಮಾಡಿ ಫೋಟೋ ಕಳೆದುಕೊಳ್ಳುವವರನ್ನು ಕಂಡರೆ ಬೇಸರವಾಗುತ್ತದೆ.

*ಖಚಿತ ಮಾಡಿಕೊಳ್ಳುವುದು.* ಐಫೋನಿನಲ್ಲಿ ಸುಲಭ. ಸೆಟ್ಟಿಂಗ್ಸ್, ಜನರಲ್, ಅಬೌಟ್ ತೆರೆದು ಕೆಳಗೆ ಬನ್ನಿ. ಐಒಎಸ್ 14ರಿಂದ ಮುಂದಕ್ಕೆ ಅಲ್ಲಿ "ಕ್ಯಾರಿಯರ್ ಲಾಕ್" ಎಂಬ ಸಾಲು ಇದೆ. "ನೋ ಸಿಮ್ ರಿಸ್ಟ್ರಿಕ್ಷನ್ಸ್" ಎಂದಿದ್ದರೆ ಲಾಕ್ ಇಲ್ಲ. "ಸಿಮ್ ಲಾಕ್ಡ್" ಎಂದಿದ್ದರೆ ಇದೆ. ಆಂಡ್ರಾಯ್ಡ್‌ನಲ್ಲಿ ಎಲ್ಲ ಫೋನಿಗೂ ಒಪ್ಪುವ ಇಂಥ ಸಾಲು ಇಲ್ಲ. ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ನಂಬುವಂಥ ಪರೀಕ್ಷೆ. ಮಾಡೆಲ್ ಸಂಖ್ಯೆಯೂ ಸುಳಿವು ಕೊಡುತ್ತದೆ. ಸ್ಯಾಮ್‌ಸಂಗ್‌ನ ಅಮೆರಿಕದ ಮಾದರಿಗಳಲ್ಲಿ ಸಂಖ್ಯೆಯ ಕೊನೆಗೆ "ಯು" ಮಾತ್ರ ಇದ್ದರೆ ಕ್ಯಾರಿಯರ್ ಮೂಲಕ ಮಾರಿದ್ದು, "ಯು1" ಇದ್ದರೆ ಲಾಕ್ ಇಲ್ಲದೆ ಮಾರಿದ್ದು. ಆದರೆ "ಯು" ಫೋನನ್ನು ನಂತರ ಅನ್‌ಲಾಕ್ ಮಾಡಿರಲೂಬಹುದು. ಸುಳಿವನ್ನು ಸುಳಿವಾಗಿ ಮಾತ್ರ ನೋಡಿ.

ಇನ್ನೊಂದು ಗೊಂದಲ: ಡೆವಲಪರ್ ಆಯ್ಕೆಗಳಲ್ಲಿ "ಒಇಎಂ ಅನ್‌ಲಾಕಿಂಗ್" ಎಂದು ಇರುತ್ತದಲ್ವಾ, ಅದಕ್ಕೂ ಸಿಮ್ಮಿಗೂ ಸಂಬಂಧವಿಲ್ಲ. ಅದು ಬೂಟ್‌ಲೋಡರಿನ, ಅಂದರೆ ಫೋನ್ ಆನ್ ಆಗುವಾಗ ಮೊದಲು ಓಡುವ ತಂತ್ರಾಂಶದ, ವಿಷಯ. ಅದನ್ನು ಆನ್ ಮಾಡಿದ ಮಾತ್ರಕ್ಕೆ ಸಿಗ್ನಲ್ ಬರುವುದಿಲ್ಲ.

*ತೆಗೆಸುವುದು.* ಕ್ಯಾರಿಯರ್ ಲಾಕನ್ನು ಸರಿಯಾದ ದಾರಿಯಲ್ಲಿ ತೆಗೆಯುವವರು ಅದನ್ನು ಹಾಕಿದ ಕ್ಯಾರಿಯರ್ ಮಾತ್ರ. ಐಫೋನ್ ಆದರೂ ಆಪಲ್‌ನವರು ತಾವಾಗಿ ತೆಗೆಯುವುದಿಲ್ಲ, ಕ್ಯಾರಿಯರ್ ಹೇಳಿದ ಮೇಲೆ ಅವರ ಸರ್ವರಿನಲ್ಲಿ ಬದಲಾಗುತ್ತದೆ. ಕ್ಯಾರಿಯರ್ ಸಾಮಾನ್ಯವಾಗಿ ಕೇಳುವುದು: ಐಎಂಇಐ ಸಂಖ್ಯೆ, ಫೋನಿನ ಬಾಕಿ ಎಲ್ಲ ತೀರಿರಬೇಕು, ಇಷ್ಟು ದಿನ ತಮ್ಮ ನೆಟ್‌ವರ್ಕಿನಲ್ಲಿ ಬಳಸಿರಬೇಕು, ಕಳುವಿನ ದೂರು ಇರಬಾರದು. ಕೆಲವು ಕಡೆ ಮೂಲ ಗ್ರಾಹಕರೇ ಕೇಳಬೇಕು. ನೀವು ಎರಡನೆಯವರೋ ಮೂರನೆಯವರೋ ಆಗಿದ್ದರೆ ಅಡ್ಡಿ ಬರುವುದು ಇಲ್ಲೇ. ಮಾರಿದವರ ಸಂಪರ್ಕ ಇರುವಾಗಲೇ ಅವರ ಕೈಯಿಂದಲೇ ಅರ್ಜಿ ಹಾಕಿಸಿ.

ಅಗ್ಗದ ಪ್ರೀಪೇಯ್ಡ್ ಫೋನುಗಳಲ್ಲಿ ಈ ಲಾಕ್ ಜಾಸ್ತಿ. ಕಾರಣ ಸರಳ. ಫೋನಿನ ಬೆಲೆಯ ಒಂದು ಪಾಲನ್ನು ಕ್ಯಾರಿಯರ್ ತಾನೇ ಹಾಕಿಕೊಂಡಿರುತ್ತದೆ. ನೀವು ತಿಂಗಳು ತಿಂಗಳು ಅವರಲ್ಲೇ ರೀಚಾರ್ಜ್ ಮಾಡುತ್ತೀರಿ ಎಂಬ ಲೆಕ್ಕದಲ್ಲಿ. ಬೆಲೆ ಕಡಿಮೆ ಇರುವುದಕ್ಕೆ ಲಾಕೇ ಕಾರಣ. ಅದೇ ಕಂಪನಿಯಲ್ಲಿ ಇರುವ ಮನಸ್ಸಿದ್ದರೆ ಲಾಕ್ ಆದ ಫೋನ್ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಒಳ್ಳೆಯ ವ್ಯವಹಾರವೇ.

ನಿಯಮಗಳು ದೇಶಕ್ಕೊಂದು ಥರ. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಫೋನುಗಳನ್ನು ಅನ್‌ಲಾಕ್ ಆಗಿಯೇ ಮಾರಬೇಕು, ಹಳೆಯ ಫೋನುಗಳನ್ನು ಶುಲ್ಕವಿಲ್ಲದೆ ಅನ್‌ಲಾಕ್ ಮಾಡಿಕೊಡಬೇಕು. ಬ್ರಿಟನ್‌ನಲ್ಲಿ 2021ರ ಡಿಸೆಂಬರಿನಿಂದ ಲಾಕ್ ಮಾಡಿದ ಫೋನ್ ಮಾರುವಂತಿಲ್ಲ. ಅಮೆರಿಕದಲ್ಲಿ ಗ್ರಾಹಕರು ಫೋನ್ ಅನ್‌ಲಾಕ್ ಮಾಡಿಸಿಕೊಳ್ಳುವುದನ್ನು 2014ರ ಕಾಯ್ದೆ ಕಾನೂನುಬದ್ಧ ಮಾಡಿತು, ಆದರೆ ಲಾಕ್ ಮಾಡಿ ಮಾರುವುದು ಅಲ್ಲಿ ಇನ್ನೂ ಇದೆ. ಹಾಗಾಗಿ ಫೋನ್ ಎಲ್ಲಿಂದ ಬಂತು, ಯಾವ ವರ್ಷದ್ದು ಎನ್ನುವುದು ಮುಖ್ಯ.

*ಕೋಡ್ ಸಿಕ್ಕ ಮೇಲೆ.* ಆಂಡ್ರಾಯ್ಡ್ ಫೋನಾದರೆ ಬೇರೆ ಕಂಪನಿಯ ಸಿಮ್ ಹಾಕಿ, ಕೇಳಿದಾಗ ಕೋಡ್ ಒತ್ತಿ. ನಿಧಾನವಾಗಿ. ಇಲ್ಲಿ ಅವಕಾಶ ಬೆರಳೆಣಿಕೆಯಷ್ಟು ಮಾತ್ರ. ಅದು ಮುಗಿದರೆ ಸರಿಯಾದ ಕೋಡ್ ಕೊಟ್ಟರೂ ಫೋನ್ ಒಪ್ಪುವುದಿಲ್ಲ. ಎರಡು ಸಲ ತಪ್ಪಾದರೆ ನಿಲ್ಲಿಸಿ, ಕ್ಯಾರಿಯರನ್ನು ಮತ್ತೆ ಕೇಳಿ. ಕೋಡ್ ಒಪ್ಪಿಕೊಂಡು ಮತ್ತೊಂದು ಕೋಡ್ ಕೇಳಿದರೆ ಗಾಬರಿ ಬೇಡ. ಲಾಕಿಗೆ ಪದರಗಳಿರುತ್ತವೆ: ನೆಟ್‌ವರ್ಕಿನದು ಒಂದು, ಅದೇ ನೆಟ್‌ವರ್ಕನ್ನು ಬಾಡಿಗೆಗೆ ಪಡೆದು ಸೇವೆ ಕೊಡುವ ಸಣ್ಣ ಕಂಪನಿಯದು ಇನ್ನೊಂದು. ಒಂದೇ ಟವರ್ ಬಳಸುವ ಎರಡು ಕಂಪನಿಗಳ ನಡುವೆಯೂ ಸಿಮ್ ಬದಲಾಯಿಸಲು ಆಗದಿರುವುದು ಇದೇ ಕಾರಣಕ್ಕೆ. ಎರಡನೆಯ ಕೋಡೂ ಬೇಕೆಂದು ಕೇಳಿ ಪಡೆಯಿರಿ.

ಕೆಲವು ಕ್ಯಾರಿಯರ್‌ಗಳ ಫೋನಿನಲ್ಲಿ ಕೋಡ್ ಇಲ್ಲ, ಅನ್‌ಲಾಕ್ ಆ್ಯಪ್ ಇರುತ್ತದೆ. ಅದರಲ್ಲಿ ತಾತ್ಕಾಲಿಕ, ಶಾಶ್ವತ ಎಂದು ಎರಡು ಆಯ್ಕೆ ಇದ್ದರೆ ಸರಿಯಾಗಿ ಓದಿ ಒತ್ತಿ. ತಾತ್ಕಾಲಿಕ ಎನ್ನುವುದು ಪ್ರವಾಸಕ್ಕೆ ಹೋಗುವವರಿಗೆ. ಅವಧಿ ಮುಗಿದ ಮೇಲೆ ಲಾಕ್ ವಾಪಸ್ ಬರುತ್ತದೆ.

ಐಫೋನಿನಲ್ಲಿ ಕೋಡ್ ಒತ್ತುವ ಕೆಲಸವೇ ಇಲ್ಲ. ಕ್ಯಾರಿಯರ್ ಒಪ್ಪಿದ ಮೇಲೆ ವೈಫೈಗೆ ಜೋಡಿಸಿ, ಹೊಸ ಸಿಮ್ ಹಾಕಿ, ಫೋನ್ ರೀಸ್ಟಾರ್ಟ್ ಮಾಡಿ. ಬೇರೆ ಸಿಮ್ ಕೈಯಲ್ಲಿ ಇಲ್ಲದಿದ್ದರೆ ಬ್ಯಾಕಪ್ ತೆಗೆದು, ಫೋನ್ ಅಳಿಸಿ, ಬ್ಯಾಕಪ್ಪಿನಿಂದ ಮರಳಿಸಬೇಕಾಗುತ್ತದೆ. ಆ ಮೇಲೆ ಅಬೌಟ್‌ನಲ್ಲಿ ಆ ಸಾಲನ್ನು ಮತ್ತೆ ನೋಡಿ. ಸಾಲು ಬದಲಾಗದಿದ್ದರೆ ಅನ್‌ಲಾಕ್ ಆಗಿಲ್ಲ, ಫೋನಿನಲ್ಲಿ ಮಾತಾಡಿದ ಪ್ರತಿನಿಧಿ ಏನೇ ಹೇಳಿರಲಿ.

*ಇಲ್ಲಿ ದೂರ ಇರಬೇಕಾದದ್ದು.* ಐಎಂಇಐ ಕೊಟ್ಟರೆ ಕೋಡ್ ಮಾರುತ್ತೇವೆ ಎನ್ನುವ ತಾಣಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಬಹಳಷ್ಟು ಮುಂಗಡ ತೆಗೆದುಕೊಂಡು ಸುಮ್ಮನಾಗುತ್ತವೆ. ಹೊರಗಿನಿಂದ ನೋಡಿ ವ್ಯತ್ಯಾಸ ಹೇಳುವುದು ಕಷ್ಟ. "ಚಿಪ್ ಅನ್‌ಲಾಕ್" ಎಂದು ಮಾರುವ ಐಫೋನುಗಳು ಇನ್ನೊಂದು ಬಗೆ. ಸಿಮ್ಮಿನ ಮೇಲೆ ತೆಳುವಾದ ಹಾಳೆಯಂಥ ಚಿಪ್ ಅಂಟಿಸಿ ಫೋನಿಗೆ ಸುಳ್ಳು ಹೇಳಿಸುತ್ತಾರೆ. ಟ್ರೇ ತೆಗೆದು ನೋಡಿದರೆ ಸಿಕ್ಕಿಬೀಳುತ್ತದೆ. ಆಪಲ್ ಒಂದು ಬದಲಾವಣೆ ಮಾಡಿದ ದಿನ ಅದು ನಿಂತುಹೋಗುತ್ತದೆ. ಅದಕ್ಕೆ ಅನ್‌ಲಾಕ್ ಫೋನಿನ ಬೆಲೆ ಕೊಡಬೇಡಿ.

ಹೊಸ ಸ್ಯಾಮ್‌ಸಂಗ್, ಅನ್‌ಲಾಕ್ ಆದದ್ದೇ, ಆದರೂ ಬೇರೆ ದೇಶದ ಸಿಮ್ ಒಪ್ಪುತ್ತಿಲ್ಲ

ಇದು ಪ್ರದೇಶದ ಲಾಕ್. 2013ರಲ್ಲಿ ಗ್ಯಾಲಕ್ಸಿ ನೋಟ್ 3ರ ಕಾಲದಲ್ಲಿ ಶುರುವಾದದ್ದು. ಫೋನನ್ನು ಯಾವ ಪ್ರದೇಶಕ್ಕೆಂದು ತಯಾರಿಸಿದ್ದಾರೋ ಅಲ್ಲಿನ ಸಿಮ್ ಹಾಕಿ ಒಟ್ಟು ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಬೇಕು. ಆಮೇಲೆ ಯಾವ ದೇಶದ ಸಿಮ್ಮೂ ನಡೆಯುತ್ತದೆ. ಆ್ಯಪ್ ಮೂಲಕ ಮಾಡುವ ಕರೆ ಲೆಕ್ಕಕ್ಕಿಲ್ಲ, ಸಾಧಾರಣ ಫೋನ್ ಕರೆಯೇ ಆಗಬೇಕು. ಡಬ್ಬದ ಮೇಲೆ ಇದರ ಬಗ್ಗೆ ಚೀಟಿ ಇರುತ್ತದೆ. ಹೊರದೇಶದಿಂದ ಯಾರಾದರೂ ತರುತ್ತಿದ್ದರೆ ಹೊರಡುವ ಮೊದಲು ಅಲ್ಲೇ ಈ ಕರೆ ಮುಗಿಸಿ ಬರಲು ಹೇಳಿ.

ಸಂದೇಶ ಏನೂ ಇಲ್ಲ, "ನೋ ಸರ್ವಿಸ್" ಅಥವಾ "ತುರ್ತು ಕರೆ ಮಾತ್ರ" ಎಂದಷ್ಟೇ

ಜಾಸ್ತಿ ದಾರಿ ತಪ್ಪಿಸುವ ಲಕ್ಷಣ ಇದು. ಸಿಮ್ ಓದಿದೆ, ಕೋಡ್ ಕೇಳಿಲ್ಲ, ಆದರೆ ನೆಟ್‌ವರ್ಕ್ ಒಳಗೆ ಬಿಡುತ್ತಿಲ್ಲ.

ಅಗ್ಗದ ಕೆಲಸಗಳು ಮೊದಲು. ಏರ್‌ಪ್ಲೇನ್ ಮೋಡ್ ಹಾಕಿ ತೆಗೆಯಿರಿ. ದಿನಾಂಕ, ಸಮಯ ಸರಿ ಇದೆಯೇ ನೋಡಿ. ನೆಟ್‌ವರ್ಕ್ ಆಯ್ಕೆಯನ್ನು ಕೈಯಿಂದ ಮಾಡಿ, ನಿಮ್ಮ ಕಂಪನಿಯ ಹೆಸರು ಪಟ್ಟಿಯಲ್ಲಿ ಬರುತ್ತದೆಯೇ ಗಮನಿಸಿ. ಬಂದು, ಆರಿಸಿದಾಗ ತಿರಸ್ಕರಿಸಿದರೆ ಅನುಮತಿಯ ಸಮಸ್ಯೆ. ಪಟ್ಟಿಯಲ್ಲೇ ಬರದಿದ್ದರೆ ಬ್ಯಾಂಡ್ ಅಥವಾ ಆಂಟೆನಾ. ಕೊನೆಗೆ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ. ಉಳಿಸಿದ ವೈಫೈ ಪಾಸ್‌ವರ್ಡ್ ಹೋಗುತ್ತದೆ, ಫೋಟೋಗಳು ಹೋಗುವುದಿಲ್ಲ.

ಇಷ್ಟಕ್ಕೆ ಸರಿಯಾಗದಿದ್ದರೆ ಮೂರು ಅನುಮಾನ.

ಒಂದು, ಕಪ್ಪುಪಟ್ಟಿ. ಕಳೆದುಹೋಗಿದೆ, ಕದ್ದಿದ್ದಾರೆ ಅಥವಾ ಕಂತು ಕಟ್ಟಿಲ್ಲ ಎಂದು ಐಎಂಇಐ ಸಂಖ್ಯೆಯನ್ನು ತಡೆಹಿಡಿದಿರಬಹುದು. ಕ್ಯಾರಿಯರ್ ಲಾಕ್ ಇರುವುದು ಫೋನಿನಲ್ಲಿ. ಕಪ್ಪುಪಟ್ಟಿ ಇರುವುದು ನೆಟ್‌ವರ್ಕಿನ ಕಡೆ. ಅದಕ್ಕೇ ಮೊದಲ ಕಂಪನಿಯ ಸಿಮ್ ಹಾಕಿದರೂ ಓಡುವುದಿಲ್ಲ, ಅನ್‌ಲಾಕ್ ಕೋಡ್ ತಂದರೂ ಪ್ರಯೋಜನವಿಲ್ಲ. ಕಂಪನಿಗಳು ಈ ಪಟ್ಟಿಯನ್ನು ಜಾಗತಿಕ ದತ್ತಾಂಶದ ಮೂಲಕ ಹಂಚಿಕೊಳ್ಳುತ್ತವೆ, ಆದರೆ ಎಲ್ಲ ದೇಶದ ಎಲ್ಲರೂ ಅಲ್ಲ. ಒಂದು ದೇಶದಲ್ಲಿ ತಡೆಯಾದ ಫೋನು ಇನ್ನೊಂದರಲ್ಲಿ ಓಡುವುದೂ ಉಂಟು. ಅದರ ಅರ್ಥ ಫೋನ್ ಶುದ್ಧವಾಗಿದೆ ಎಂದಲ್ಲ. ನಿಮ್ಮ ದೇಶದ ಅಧಿಕೃತ ಐಎಂಇಐ ಸೇವೆ ಇದ್ದರೆ ಅದರಲ್ಲಿ, ಇಲ್ಲವೇ ನಿಮ್ಮ ಕ್ಯಾರಿಯರ್ ಮೂಲಕ ಸಂಖ್ಯೆ ಪರಿಶೀಲಿಸಿ. ಕಪ್ಪುಪಟ್ಟಿಯಲ್ಲಿದೆ ಎಂದು ಗೊತ್ತಾದರೆ ರಿಪೇರಿ ಪ್ರಯತ್ನ ಅಲ್ಲಿಗೆ ನಿಲ್ಲಿಸಿ. ಮಾರಿದವರಿಂದ ಹಣ ವಾಪಸ್ ಕೇಳಿ. ಕಳುವಿನ ಫೋನು ಎಂದು ತಿಳಿದರೆ ಪೊಲೀಸರಿಗೆ ತಿಳಿಸಿ, ಇನ್ನೊಬ್ಬರಿಗೆ ದಾಟಿಸಬೇಡಿ. "ಐಎಂಇಐ ಬದಲಿಸಿ ಕೊಡ್ತೀವಿ" ಎನ್ನುವವರು ಸಿಗುತ್ತಾರೆ. ಭಾರತವೂ ಸೇರಿ ಹಲವು ದೇಶಗಳಲ್ಲಿ ಅದು ಅಪರಾಧ. ಸಿಕ್ಕಿಬಿದ್ದರೆ ಫೋನ್ ಇರುವುದು ನಿಮ್ಮ ಕೈಯಲ್ಲಿ, ಅವರ ಕೈಯಲ್ಲಲ್ಲ.

ಎರಡು, ಬ್ಯಾಂಡ್ ಮತ್ತು ಮುಚ್ಚಿದ ನೆಟ್‌ವರ್ಕ್. ಎಲ್ಲ 4ಜಿ ಒಂದೇ ಅಲ್ಲ. ಏಷ್ಯಾ, ಯುರೋಪಿನಲ್ಲಿ 1800 ಮೆಗಾಹರ್ಟ್ಜ್‌ನ ಬ್ಯಾಂಡ್ 3 ಹೆಚ್ಚು ಬಳಕೆಯಲ್ಲಿದೆ. ಉತ್ತರ ಅಮೆರಿಕದಲ್ಲಿ ಬ್ಯಾಂಡ್ 2, 4, 12, 66 ಮುಖ್ಯ. ಒಂದು ಕಡೆಗೆಂದು ಮಾಡಿದ ಅಗ್ಗದ ಫೋನಿನಲ್ಲಿ ಇನ್ನೊಂದು ಕಡೆಯ ಬ್ಯಾಂಡ್ ಇಲ್ಲದೇ ಹೋಗಬಹುದು. ದುಬಾರಿ ಫೋನುಗಳಲ್ಲಿ ಬ್ಯಾಂಡ್ ಹೆಚ್ಚು ತುಂಬಿರುತ್ತಾರೆ, ಅಗ್ಗದ್ದರಲ್ಲಿ ಉಳಿತಾಯ ಮಾಡುವುದೇ ಇಲ್ಲಿ. ಹಳೆಯ 3ಜಿ ಫೋನುಗಳಿಗೆ ಬೇರೆಯದೇ ಕಷ್ಟ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ 2024ರ ಕೊನೆಯ ಹೊತ್ತಿಗೆ ಮುಗಿಯಿತು. ನಿಮ್ಮ ಮಾದರಿಯ ಬ್ಯಾಂಡ್ ಪಟ್ಟಿಯನ್ನು ತಯಾರಕರ ತಾಣದಲ್ಲಿ ನೋಡಿ, ನಿಮ್ಮ ಕಂಪನಿಯ ಬ್ಯಾಂಡ್‌ಗಳ ಜೊತೆ ಹೋಲಿಸಿ. ಹೊಂದದಿದ್ದರೆ ಯಾವ ಸಾಫ್ಟ್‌ವೇರೂ ಸರಿ ಮಾಡಲಾರದು.

ಮೂರು, ಒಳಗಿನ ಕೆಡುಕು. *#06# ಒತ್ತಿದಾಗ ಸಂಖ್ಯೆ ಬರದಿದ್ದರೆ, ಬರೀ ಸೊನ್ನೆ ಬಂದರೆ ಅಥವಾ ಐಫೋನಿನ ಅಬೌಟ್‌ನಲ್ಲಿ ಮೋಡೆಮ್ ಫರ್ಮ್‌ವೇರ್ ಜಾಗ ಖಾಲಿ ಇದ್ದರೆ ಮೋಡೆಮ್ ಕೆಲಸ ಮಾಡುತ್ತಿಲ್ಲ. 2016ರಲ್ಲಿ ಬಂದ ಐಫೋನ್ 7ರ ಕೆಲವು ಫೋನುಗಳಲ್ಲಿ ಬೋರ್ಡಿನ ಒಂದು ಬಿಡಿಭಾಗ ಕೆಟ್ಟು ಸಿಗ್ನಲ್ ಇದ್ದರೂ "ನೋ ಸರ್ವಿಸ್" ಎನ್ನುತ್ತಿತ್ತು. 2018ರಲ್ಲಿ ಆಪಲ್ ಇದನ್ನು ಒಪ್ಪಿಕೊಂಡು ರಿಪೇರಿ ಯೋಜನೆ ತಂದಿತ್ತು. ಇಂಥದ್ದು ಮನೆಯಲ್ಲಿ ಆಗುವ ಕೆಲಸವಲ್ಲ. ಅಗ್ಗದ ಫೋನಾದರೆ ರಿಪೇರಿ ಖರ್ಚು ಫೋನಿನ ಬೆಲೆಯನ್ನೇ ಮೀರಬಹುದು, ಮೊದಲೇ ಅಂದಾಜು ಕೇಳಿ.

ಕರೆ ಹೋಗುತ್ತದೆ, ಇಂಟರ್ನೆಟ್ ಇಲ್ಲ. ಅಥವಾ ಅದರ ಉಲ್ಟಾ

ಕರೆ ಸರಿ, ಡೇಟಾ ಇಲ್ಲ ಅಂದರೆ ಎಪಿಎನ್ (ಕಂಪನಿಯ ಇಂಟರ್ನೆಟ್ಟಿಗೆ ಫೋನನ್ನು ಜೋಡಿಸುವ ಸೆಟ್ಟಿಂಗ್) ನೋಡಿ. ಕ್ಯಾರಿಯರ್ ಫೋನುಗಳಲ್ಲಿ ಹಳೆಯ ಕಂಪನಿಯ ಎಪಿಎನ್ ಉಳಿದುಕೊಂಡಿರುತ್ತದೆ. ನಿಮ್ಮ ಕಂಪನಿಯ ತಾಣದಲ್ಲಿ ಸರಿಯಾದ ಎಪಿಎನ್ ಸಿಗುತ್ತದೆ, ಹೊಸದಾಗಿ ಸೇರಿಸಿ, ಉಳಿಸಿ, ಅದನ್ನೇ ಆರಿಸಿ. ಐದು ನಿಮಿಷದ ಕೆಲಸ.

ಡೇಟಾ ಓಡುತ್ತದೆ, ಕರೆ ಮಾಡಿದರೆ ಕಡಿದುಹೋಗುತ್ತದೆ ಅಂದರೆ ಅದು ವೋಲ್ಟೆ. 2ಜಿ, 3ಜಿ ಇಲ್ಲದ ನೆಟ್‌ವರ್ಕಿನಲ್ಲಿ ಮಾತು ಕೂಡ 4ಜಿ ಮೇಲೆಯೇ ಹೋಗಬೇಕು. ಫೋನಿನಲ್ಲಿ ಆ ಕಂಪನಿಗೆ ಬೇಕಾದ ವೋಲ್ಟೆ ಸಿದ್ಧತೆ ಇರಬೇಕು. ಕೆಲವು ಕಂಪನಿಗಳು ತಾವು ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಇಟ್ಟಿವೆ, ಅದರಲ್ಲಿ ಇಲ್ಲದ ಫೋನು ಪೂರ್ತಿ ಅನ್‌ಲಾಕ್ ಆಗಿದ್ದರೂ ಕರೆ ಮಾಡಲು ಬಿಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವೋಲ್ಟೆ ಆನ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ. ಆಗಲಿಲ್ಲ ಅಂದರೆ ಕಂಪನಿಯ ಪಟ್ಟಿ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಬೇರೆ ಕಂಪನಿಯ ಸಿಮ್ ಹಾಕುವುದೇ ಅಗ್ಗದ ಪರಿಹಾರ.

ಯಾರದೋ ಇಮೇಲ್, ಪಾಸ್‌ವರ್ಡ್ ಕೇಳುತ್ತಿದೆ

ಐಫೋನಿನಲ್ಲಿ ಆಕ್ಟಿವೇಶನ್ ಲಾಕ್, 2013ರಲ್ಲಿ ಐಒಎಸ್ 7ರ ಜೊತೆ ಬಂದದ್ದು. ಆಂಡ್ರಾಯ್ಡ್‌ನಲ್ಲಿ ಫ್ಯಾಕ್ಟರಿ ರೀಸೆಟ್ ರಕ್ಷಣೆ, 5.1 ಆವೃತ್ತಿಯಿಂದ ಇದೆ. ಎರಡೂ ಕಳ್ಳರ ವಿರುದ್ಧ. ಕ್ಯಾರಿಯರ್ ಇದನ್ನು ತೆಗೆಯಲಾರದು. ಹಳೆಯ ಮಾಲೀಕರೇ ತಮ್ಮ ಖಾತೆಯಿಂದ ಫೋನನ್ನು ಬಿಡಿಸಬೇಕು. ಐಫೋನಾದರೆ ಅವರು ದೂರದಲ್ಲಿದ್ದರೂ ಐಕ್ಲೌಡ್ ಮೂಲಕ ಬಿಡಿಸಬಹುದು. ಪಾಸ್‌ವರ್ಡನ್ನು ನಿಮಗೆ ಕಳುಹಿಸಲು ಹೇಳಬೇಡಿ, ಅವರೇ ಒತ್ತಲಿ. ಮಾಲೀಕರು ಸಿಗದಿದ್ದರೆ, ಮೂಲ ಬಿಲ್ಲೂ ಇಲ್ಲದಿದ್ದರೆ, ಅದು ನಿಮಗೆ ಬಳಕೆಗೆ ಬರುವ ಫೋನಲ್ಲ.

"ಈ ಫೋನನ್ನು ಇಂಥ ಸಂಸ್ಥೆ ನಿರ್ವಹಿಸುತ್ತಿದೆ" ಎಂದು ಬಂದರೆ ಅದು ಕಚೇರಿಯದೋ ಶಾಲೆಯದೋ ಸ್ವತ್ತು. ಆ ಸಂಸ್ಥೆಯೇ ತನ್ನ ಪಟ್ಟಿಯಿಂದ ತೆಗೆಯಬೇಕು.

ತಿಂಗಳುಗಟ್ಟಲೆ ಚೆನ್ನಾಗಿತ್ತು, ಈಗ ಇದ್ದಕ್ಕಿದ್ದಂತೆ ನಿಂತಿದೆ

ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಬೀಳುವ ಕೆಟ್ಟ ಪೆಟ್ಟು ಇದು. ಮಾರಿದವರು ಕಂತಿನ ಮೇಲೆ ಫೋನ್ ತಂದಿದ್ದರು. ಕೊಂಡ ದಿನ ಐಎಂಇಐ ಶುದ್ಧವಾಗಿಯೇ ಇತ್ತು. ಆಮೇಲೆ ಅವರು ಕಂತು ನಿಲ್ಲಿಸಿದರು. ಕಂಪನಿ ಕಪ್ಪುಪಟ್ಟಿಗೆ ಹಾಕಿತು, ಅಥವಾ ಸಾಲ ಕೊಟ್ಟವರು ದೂರದಿಂದಲೇ ಪರದೆ ಲಾಕ್ ಮಾಡಿದರು. ಎರಡನೆಯದಾದರೆ ಪರದೆಯ ಮೇಲೆ ಬಾಕಿ ಕಟ್ಟಿ ಎಂಬ ಸೂಚನೆ, ಸಾಲ ಕೊಟ್ಟವರ ಹೆಸರು ಇರುತ್ತದೆ. ಅದನ್ನು ಚಿತ್ರ ತೆಗೆದಿಟ್ಟುಕೊಳ್ಳಿ. ಅವರನ್ನು ನೇರವಾಗಿ ಸಂಪರ್ಕಿಸಿ ಎಷ್ಟು ಬಾಕಿ ಇದೆ ಎಂದು ತಿಳಿಯಿರಿ. ಸೂಚನೆಯ ಜೊತೆ ಬಂದ ಅಪರಿಚಿತ ಲಿಂಕ್‌ಗೆ ಮಾತ್ರ ಹಣ ಕಟ್ಟಬೇಡಿ.

ಇನ್ನೆರಡು ಸಾಧ್ಯತೆ: ತಾತ್ಕಾಲಿಕ ಅನ್‌ಲಾಕಿನ ಅವಧಿ ಮುಗಿದಿದೆ, ಅಥವಾ ಸಿಮ್ ಮೇಲಿನ ಚಿಪ್ಪಿನ ಆಟ ಅಪ್‌ಡೇಟ್ ಆದ ಮೇಲೆ ನಿಂತಿದೆ.

ಇನ್ನೂ ಕೊಂಡಿಲ್ಲ, ಅನುಮಾನ ಇದೆ

ನಿಮ್ಮ ಸಿಮ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಫೋನ್ ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಿಸಿ, ಆಗ ಹಳೆಯ ಖಾತೆ, ಸಂಸ್ಥೆಯ ಹಿಡಿತ ಎರಡೂ ಹೊರಬರುತ್ತವೆ. ಸಿಮ್ ಹಾಕಿ ಒಂದು ಕರೆ ಮಾಡಿ, ಒಂದು ಕರೆ ತೆಗೆದುಕೊಳ್ಳಿ, ವೈಫೈ ಆಫ್ ಮಾಡಿ ಒಂದು ಪುಟ ತೆರೆಯಿರಿ. *#06# ಸಂಖ್ಯೆ ಡಬ್ಬದ ಮೇಲಿನದಕ್ಕೆ, ಟ್ರೇಯ ಮೇಲೆ ಅಚ್ಚಾಗಿದ್ದರೆ ಅದಕ್ಕೆ, ಬಿಲ್ಲಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಬೋರ್ಡ್ ಬದಲಾಗಿರಬಹುದು ಅಥವಾ ಸಂಖ್ಯೆ ತಿದ್ದಿರಬಹುದು. ಎರಡೂ ನಿಮಗೆ ಬೇಡ.

ಐಫೋನಿನಲ್ಲಿ ಅಬೌಟ್‌ನ ಮಾಡೆಲ್ ಸಂಖ್ಯೆಯ ಮೊದಲ ಅಕ್ಷರ ಗಮನಿಸಿ. ಎಂ ಎಂದರೆ ಹೊಸದಾಗಿ ಮಾರಿದ್ದು, ಎಫ್ ಎಂದರೆ ನವೀಕರಿಸಿದ್ದು, ಎನ್ ಎಂದರೆ ಬದಲಿಯಾಗಿ ಕೊಟ್ಟದ್ದು. "ಸೀಲ್ಡ್, ಹೊಸದು" ಎಂದು ಹೇಳಿ ಎಫ್ ಫೋನ್ ಕೊಟ್ಟರೆ ಬೆಲೆಯ ಮಾತು ಮತ್ತೆ ಶುರು ಮಾಡಬಹುದು.

ಕಂತು ಬಾಕಿ ಇಲ್ಲ ಎಂಬುದನ್ನು ಬಾಯಿ ಮಾತಲ್ಲಿ ನಂಬಬೇಡಿ. ಮೂಲ ಬಿಲ್ ಮತ್ತು ಸಾಲ ತೀರಿದ ಚೀಟಿ ಕೇಳಿ. ಕೊಡಲು ಹಿಂಜರಿದರೆ ಎದ್ದು ಬನ್ನಿ. "ಅನ್‌ಲಾಕ್ ಸುಲಭ, ನೀವೇ ಮಾಡಿಸಿಕೊಳ್ಳಿ" ಎಂದರೆ ಉತ್ತರ ಒಂದೇ: ಸುಲಭವಾದರೆ ಮಾಡಿಸಿಯೇ ಮಾರಲಿ.

ಸುರಕ್ಷತೆ

ಈ ಪರೀಕ್ಷೆಗಳು ನಡೆಯುವಾಗ ಓಡುವ ಇನ್ನೊಂದು ಫೋನ್ ಹತ್ತಿರ ಇರಲಿ. ಸಿಮ್ ಇಲ್ಲದ ಫೋನಿನಿಂದಲೂ ತುರ್ತು ಕರೆ ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬ್ರಿಟನ್, ಜರ್ಮನಿಯಂಥ ಕಡೆ ಹೋಗುವುದಿಲ್ಲ.

ಅನ್‌ಲಾಕ್ ಮಾಡಿಕೊಡುವವರಿಗೆ ಕೊಡಬಹುದಾದದ್ದು ಐಎಂಇಐ ಮತ್ತು ಮಾದರಿಯ ಹೆಸರು, ಅಷ್ಟೇ. ನಿಮ್ಮ ಖಾತೆಯ ಪಾಸ್‌ವರ್ಡ್, ಒಟಿಪಿ ಕೇಳಿದರೆ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದರೆ ಅದು ಮೋಸ. ಅಲ್ಲೇ ಕಡಿದುಹಾಕಿ. ಅನ್‌ಲಾಕ್ ಮಾಡುತ್ತೇವೆಂದು ಸಿಗುವ ಕಂಪ್ಯೂಟರ್ ತಂತ್ರಾಂಶಗಳನ್ನೂ ಬ್ಯಾಂಕ್ ಕೆಲಸ ಮಾಡುವ ಯಂತ್ರಕ್ಕೆ ಹಾಕಬೇಡಿ.

ಹಳೆಯ ಫೋನಿನ ಬೆನ್ನು ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಊದಿದೆ. ಸಿಮ್ಮಿನ ಚಿಂತೆ ಆಮೇಲೆ. ಚಾರ್ಜಿಗೆ ಹಾಕಬೇಡಿ, ಒತ್ತಿ ಮುಚ್ಚಲು ಹೋಗಬೇಡಿ, ಚುಚ್ಚಬೇಡಿ. ಆಫ್ ಮಾಡಿ, ಬೆಂಕಿ ಹತ್ತುವ ವಸ್ತುಗಳಿಂದ ದೂರ ಇಟ್ಟು, ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೋ ಕೊಡಿ.

ಕ್ಯಾರಿಯರ್ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಕಿ ಇದೆ, ಅವಧಿ ಆಗಿಲ್ಲ, ಕಳುವಿನ ದೂರು ಇದೆ ಎಂಬ ಮೂರರಲ್ಲಿ ಯಾವುದೆಂದು ಗೊತ್ತಾದರೆ ಮುಂದಿನ ದಾರಿ ತಾನೇ ತೆರೆಯುತ್ತದೆ. ಕಾರಣ ಹೇಳದಿದ್ದರೆ ಅಥವಾ ಅರ್ಹತೆ ಇದ್ದೂ ಎಳೆದಾಡಿದರೆ ನಿಮ್ಮ ದೇಶದ ದೂರಸಂಪರ್ಕ ನಿಯಂತ್ರಕರ ಹತ್ತಿರ ದೂರು ಕೊಡಬಹುದು. ಅರ್ಜಿಯ ಸಂಖ್ಯೆ, ದಿನಾಂಕ, ಐಎಂಇಐ ಮೂರನ್ನೂ ದೂರಿನಲ್ಲಿ ಬರೆಯಿರಿ.